ಗಳಕ್ಕೆ ಜಾಗ

"ಸೀಲಿಂಗ್ ತನಕ ಕಪಾಟು ಮಾಡಿದ್ರೆ, ನಿಮ್ಮಮ್ಮ ಮಡಿ ಸೀರೆ ಒಣಹಾಕೋ ಗಳ ಎಲ್ಲಿಗೆ ಹೋಗ್ಬೇಕು?"

ಚೆನ್ನೈನ ಪುರಸೈವಾಕ್ಕಂನ ಪ್ಲೈವುಡ್ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ಮಧುರಾಳ ಕಿವಿ ಕನ್ನಡ ಕೇಳಿದೊಡನೆ ನೆಟ್ಟಗಾಯಿತು. ಮುಂದಿದ್ದ ಗಂಡಹೆಂಡತಿಗೆ ಐವತ್ತು ದಾಟಿರಬೇಕು. ಅವರ ಹಲಗೆ ಆಗಲೇ ಗರಗಸದ ಮೇಜನ್ನು ಏರಿತ್ತು.

"ವಾಷಿಂಗ್ ಮೆಷಿನ್ ರೂಮಲ್ಲಿ ಗಳ ಯಾಕೆ, ಊರ್ಮಿಳಾ? ಅಮ್ಮ ಬಾಲ್ಕನೀಲಿ ಒಣಗಿಸ್ಲಿ."

"ಬಾಲ್ಕನೀಲಿ ಎಲ್ಲರೂ ಮುಟ್ತಾರೆ, ಮಡಿ ಉಳಿಯುತ್ತಾ? ಹೋಗ್ಲಿ, ಅವರಿಗೆ ಹೇಳಿದೀರಾ?"

"ನೀನು ಹೇಳ್ತೀಯ ಅಂದ್ಕೊಂಡೆ."

"ಕಪಾಟು ನಾನೇ ಮಾಡ್ತೀನಿ ಅಂತ ಕುಣಿದೋರು ನೀವು. ಬಡಗೀನೂ ನೀವೇ, ಮಗಾನೂ ನೀವೇ. ಸೊಸೆ ಯಾಕೆ ಬೈಸ್ಕೋಬೇಕು?"

"ನಂಗೇನು ಭಯಾನಾ?"

"ಹಾಗಾದ್ರೆ ಫೋನ್ ಮಾಡಿ. ಒಂದ್ಸಲ ಕೊಯ್ದ್ರೆ ಮುಗೀತು."

ಗರಗಸ ಗುರ್ ಎಂದಿತು. ಇವರು ಮಾತು ಮುಗಿಸುವುದರೊಳಗೆ ಹಲಗೆ ಕೊಯ್ದುಬಿಟ್ಟರೆ ಎಂದು ಮಧುರಾ ಗರಗಸದತ್ತ ಕತ್ತು ಚಾಚಿದಳು. ಆತ ಫೋನನ್ನು ಕಿವಿಗೆ ಹಿಡಿದರು.

"ಅಮ್ಮಾ... ಏನಿಲ್ಲಮ್ಮ, ಈ ಕಪಾಟಿನ ವಿಷಯ... ಅಲ್ಲ, ಊಟ ಆಯ್ತಾ ಅಂತ ಕೇಳೋಣ ಅಂತ. ಸರಿ, ಇಡ್ಲಾ?"

ಫೋನು ಜೇಬಿಗೆ ಸೇರಿತು. ಆತ ಗರಗಸದವನತ್ತ ಎರಡೂ ಕೈ ಬೀಸಿದರು. "ತಂಬೀ, ಒರು ಅಡಿ ಕಮ್ಮಿ ಪಣ್ಣುಪ್ಪಾ!"

"ಯಾಕ್ರೀ, ಒಂದಡಿ ಕಮ್ಮಿ?"

"ಮೇಲೆ ಸ್ವಲ್ಪ ಗಾಳಿ ಆಡ್ಬೇಕಲ್ಲ."

"ಹೌದೌದು, ಗಾಳಿ ಬಹಳ ಮುಖ್ಯ" ಎಂದ ಊರ್ಮಿಳಾ ನಗು ತಡೆದುಕೊಂಡು ತಿರುಪುಮೊಳೆ ಕೊಳ್ಳಲು ಪಕ್ಕದ ಅಂಗಡಿಯತ್ತ ನಡೆದರು. ಆತ ಕತ್ತಿನ ಬೆವರು ಒರೆಸಿಕೊಳ್ಳುತ್ತಾ ಹಿಂದೆಯೇ ಹೋದರು.