ಶಿರಾಮಿನೆ ಮಾರು ಮುಳುಗಿದ ಬೆಳಿಗ್ಗೆ

...ಇಲ್ಲ ಅತ್ತಿಗೆ, ನೋವೇ ಆಗ್ಲಿಲ್ಲ ಅಂತಿದೀನಲ್ಲ. ನಿಮ್ಮ ಯಜಮಾನ್ರು ಪಾಳಿ ಮುಗಿಸಿ ಮಲಗಿದ್ರು. ಟಾರ್ಪೆಡೊ ಬಡೀತು. ನಿದ್ದೆಯಲ್ಲೇ ಹೋದ್ರು. ಯಾಕೆ ಹಾಗೆ ನೋಡ್ತೀರಿ? ಈ ಕುಸಾಕಬೆ ನಿಮ್ಮ ಹತ್ರ ಸುಳ್ಳು ಹೇಳ್ತಾನಾ?

ಮೊದಲೇ ಬರಬೇಕಿತ್ತು, ಒಪ್ತೀನಿ. ಯುದ್ಧ ಮುಗಿದು ವರ್ಷ ಆಗ್ತಾ ಬಂತು...

ಒಳ್ಳೇ ಹಡಗು ಅತ್ತಿಗೆ, ನಮ್ಮ ಶಿರಾಮಿನೆ ಮಾರು. ಇದೇ ಒತಾರು ಬಂದರಿಂದ ಇಪ್ಪತ್ತು ವರ್ಷ ಕಲ್ಲಿದ್ದಲು ಸಾಗಿಸ್ತು. ಬರ್ತಾ ಉತ್ತರದ ಕರಫುತೊ ದ್ವೀಪದ ಮರ, ಒಂದೆರಡು ಸಲ ಅಮೆರಿಕದ ಗೋಧಿ. ನಂಗೆ ಬಾಯ್ಲರಿಗೆ ಕಲ್ಲಿದ್ದಲು ಹಾಕೋದು ಕಲಿಸಿದ್ದೇ ನಿಮ್ಮ ಯಜಮಾನ್ರು, ನಮ್ಮ ಮುರೊಯಿ ಅಣ್ಣ. "ಮುದುಕಿಗೆ ಒಟ್ಟಿಗೇ ತುರುಕಬೇಡವೋ, ಕೆಮ್ತಾಳೆ" ಅನ್ನೋರು. ಈ ಮಾತಿಗೆ ನೀವು ಎಷ್ಟು ನಗ್ತಿದ್ರಿ. ಈಗ ನಗೂನೂ ಬರ್ಲಿಲ್ವಾ?

ಸೈನ್ಯದವ್ರು ವಶಕ್ಕೆ ತಗೊಂಡು ಬೂದು ಬಣ್ಣ ಬಳಿದ್ರು. ಕಲ್ಲಿದ್ದಲು ತುಂಬೋ ಜಾಗದಲ್ಲಿ ಎರಡು ಸಾವಿರ ಸಿಪಾಯಿಗಳು, ಕಾಲು ಚಾಚೋಕೂ ಆಗದ ಹಾಗೆ. ಫಿಲಿಪ್ಪೀನ್ಸಿನ ಲೂಜಾನ್ ಹತ್ರ ಜೊತೆಗಿದ್ದ ಹಡಗುಗಳು ಮುಂದೆ ಹೋದ್ವು. ನಮ್ಮದಕ್ಕೆ ಓಡೋಕಾಗ್ಲಿಲ್ಲ.

ಬೆಳಿಗ್ಗೆ ಎಂಟೂವರೆ. ಮೊದಲನೇ ಟಾರ್ಪೆಡೊ ಮುಂಭಾಗಕ್ಕೆ ಬಡೀತು, ಎರಡನೇದು ಬಾಯ್ಲರ್ ಕೋಣೆಗೆ. ನಾನು ಪಕ್ಕದ ಎಂಜಿನ್ ಕೋಣೆಯಲ್ಲಿದ್ದೆ. ನಡುವೆ ಒಂದು ಕಬ್ಬಿಣದ ಬಾಗಿಲು. ನೀರು ನಮ್ಮ ಕಡೆ ನುಗ್ಗಿದ್ರೆ ಹಡಗೇ ಹೋಗುತ್ತೆ, ಮೇಲಿನವ್ರು ದೋಣಿ ಇಳಿಸಬೇಕು, ಅದಕ್ಕೇ ನಾನು... ಅಣ್ಣ ಆ ಕಡೆಯಿಂದ "ತಡಿಯೋ, ಇನ್ನಿಬ್ರು ಇದಾರೆ" ಅಂತ...

ಹೌದು. ಮೊದಲು ಮಲಗಿದ್ರು ಅಂದೆ.

ಮಾತಾಡಿ ಅತ್ತಿಗೆ. ಬಯ್ಯಿರಿ. ಹೀಗೆ ಸುಮ್ನೆ ಕೂತ್ಕೋಬೇಡಿ, ಕಾಲು ಹಿಡ್ಕೋತೀನಿ.

ಬಾಗಿಲು ಮುಚ್ಚು ಅಂತ ಯಾರೂ ಹೇಳಿರ್ಲಿಲ್ಲ. ನಾನೇ ಮುಚ್ಚಿದೆ. ಅವ್ರು ಸಲಿಕೆಯಿಂದ ಬಡೀತಿದ್ರು. ಮೇಲಿನವ್ರ ಜೀವ ಉಳಿಸೋಕೆ ಹಾಗೆ ಮಾಡಿದೆ ಅಂತ ಎಲ್ಲರಿಗೂ ಹೇಳ್ಕೊಂಡು ಬಂದೆ, ನನಗೂ ಹೇಳ್ಕೊಂಡೆ. ಆದ್ರೆ ನಾಲ್ಕೇ ನಿಮಿಷದಲ್ಲಿ ಹಡಗು ಮುಳುಗಿತು. ಒಂದು ದೋಣೀನೂ ಇಳೀಲಿಲ್ಲ. ನಂಗೆ ಏಣಿ ಹತ್ತೋಷ್ಟು ಹೊತ್ತು ಸಿಕ್ತು. ಅಷ್ಟೇ.

ನೀವು... ಬೆಚ್ಚಲೇ ಇಲ್ಲ.

ನಮ್ಮ ಎಂಜಿನ್ ಕೋಣೆಯ ನೆಗಿಶಿ ಇಲ್ಲಿಗೆ ಬಂದಿದ್ನಾ? ಅವನೂ ನನ್ನ ಹಿಂದೇನೇ ಏಣಿ ಹತ್ತಿದ್ದ, ಎಲ್ಲಾ ನೋಡಿದ್ದ. ಯಾವಾಗ ಬಂದಿದ್ದ, ಚಳಿಗಾಲದಲ್ಲಾ?

ಹಾಗಾದ್ರೆ ಎಲ್ಲಾ ಗೊತ್ತಿದ್ದೇ ಒಳಗೆ ಕರೆದ್ರಾ, ಅತ್ತಿಗೆ?