ಅಲುಗದ ಹಾಸಿಗೆ

ಮಧ್ಯಾಹ್ನದ ಮಂಪರಿನಲ್ಲಿ ಅಂಗಡಿಯ ಫ್ಯಾನು ಕೂಡ ತೂಕಡಿಸುತ್ತಿತ್ತು. ವಯಸ್ಸಾದ ಗಂಡ ಹೆಂಡತಿ ಚಪ್ಪಲಿ ಬಿಟ್ಟು, ಎಲ್ಲಕ್ಕಿಂತ ದುಬಾರಿ ಹಾಸಿಗೆಯ ಮೇಲೆ ಮಲಗಿ ನೋಡುತ್ತಿದ್ದರು. "ಪಕ್ಕದವರು ಹೊರಳಿದರೂ ನಿಮಗೆ ತಿಳಿಯೋದೇ ಇಲ್ಲ" ಎಂದು ಆಗಷ್ಟೇ ಹೊಗಳಿದ್ದ ಸೇಲ್ಸ್‌ಮ್ಯಾನ್, ವ್ಯಾಪಾರ ಕುದುರಿತೆಂದೇ ನಂಬಿ ಪಕ್ಕದಲ್ಲಿ ನಿಂತಿದ್ದ.

"ತೇಲಿದ ಹಾಗಿದೆ ಕಣೇ."

"ಹೂಂರೀ. ಒಂದ್ಸಲ ಹೊರಳಿ."

"ಹೊರಳಿದೆನಲ್ಲ!"

"ಗೊತ್ತೇ ಆಗ್ಲಿಲ್ಲ."

"ಒಳ್ಳೇದೇ ಆಯ್ತಲ್ಲ."

"ನನಗೆ ಬೇಡ. ನಿಮ್ಮ ಎದೆ ಆಪರೇಷನ್ ಆದಾಗಿಂದ, ನೀವು ಹೊರಳಿದ್ದು ಗೊತ್ತಾದ್ರೇನೇ ನನಗೆ ನಿದ್ದೆ."

ಅವರು ಆಕೆಯ ಕೈ ಹುಡುಕಿ ಹಿಡಿದುಕೊಂಡರು.

"ಮೂಲೆಯಲ್ಲಿರೋ ಆ ಸ್ಪ್ರಿಂಗಿನದು ಅಲುಗಾಡುತ್ತಾ ತಮ್ಮಾ?" ಎಂದರು ಆಕೆ.

ಸೇಲ್ಸ್‌ಮ್ಯಾನ್ ಬಾಯಿಪಾಠದ ಮಾತೆಲ್ಲ ನುಂಗಿಕೊಂಡ.

"ಚೆನ್ನಾಗಿ ಅಲುಗಾಡುತ್ತಮ್ಮಾ."

ಇಬ್ಬರೂ ಎದ್ದು ಆ ಕಡೆ ನಡೆದರು. ದುಬಾರಿ ಹಾಸಿಗೆಯ ಮೇಲೆ ಅಕ್ಕಪಕ್ಕದ ಎರಡು ತಗ್ಗುಗಳು ನಿಧಾನವಾಗಿ ಮೇಲೇಳುತ್ತಿದ್ದವು.