ಜಿಲಾನಿ ಹಾಕಿದ ನಿದ್ದಿ

ದೀಪದ ಬತ್ತಿ ತುಸು ಇಳಿಸ್ರಿ. ಅಷ್ಟು ಸಾಕು... ಈಗ ಕೇಳ್ರಿ.

ಧಾತು ವರ್ಷದ ಬರ ಕಳೆದು ಏಳೆಂಟು ವರ್ಷವಾಗಿತ್ತು. ಕುರುಗೋಡಿನ ಗಾದೆಪ್ಪ ಬಳ್ಳಾರಿಯಿಂದ ಒಬ್ಬನೇ ನಡೆದು ಊರಿಗೆ ಹೊರಟಿದ್ದ. ಸರಹೊತ್ತು. ಗಾಳಿ ಇಲ್ಲ. ಕಾಲಲ್ಲಿಯ ಮೆಟ್ಟು ಕಿರ್ರ್... ಕಿರ್ರ್... ಅನ್ನುತ್ತಿತ್ತು. ಊರ ಹೊರಗಿನ ಆಲದ ಮರದ ಹತ್ತಿರ ಬಂದ. ಮರದ ಪಕ್ಕಕ್ಕೆ ಹಾಳುಬಾವಿ. ಮೆಟ್ಟಿಲಿಳಿದು ಹೋಗುವಂಥದ್ದು, ಪಾಚಿಗಟ್ಟಿದ್ದು, ಯಾರೂ ನೀರು ತರದಂಥದ್ದು. ಒಳಗೆ ಏನೋ ಗುಳುಂ ಅಂತು. ಕಪ್ಪೆ ಇರಬೇಕು ಅಂದುಕೊಂಡ. ಆಮೇಲೆ... ದನಿ ಬಂತು.

ನಿಂತುಬಿಟ್ಟ.

ಆ ದನಿ ಯಾರದು ಅಂತ ತಿಳಿಯಬೇಕಾದರೆ ನನ್ನ ಚಿಕ್ಕಪ್ಪನ ಮಗ ಜಿಲಾನಿಯ ವಿಷಯ ಮೊದಲು ಹೇಳಬೇಕು.

ಜಿಲಾನಿ ನಮ್ಮ ಜೊತೆಗೇ ಬಳ್ಳಾರಿಯ ಕೌಲ್ ಬಜಾರಿನಲ್ಲಿದ್ದ. ಹುಣ್ಣು ಕೊಯ್ಯುವುದು, ಮುಳ್ಳು ತೆಗೆಯುವುದು, ಹಲ್ಲು ಕೀಳುವುದು ಅವನ ಕಸುಬು. ಮದರಾಸಿನ ಕಡೆಯ ಒಬ್ಬ ಕಂಪೌಂಡರ್ ಅವನಿಗೆ ಬರೀ ಮಾತಿನಿಂದ ಮನುಷ್ಯರನ್ನು ಮಲಗಿಸುವ ವಿದ್ಯೆ ಕಲಿಸಿದ್ದ. ಮೆಸ್ಮರಿಸಂ ಅನ್ನುತ್ತಿದ್ದನಂತೆ. ಸಿರುಗುಪ್ಪದ ಕಡೆ ಜನ ಅದಕ್ಕೆ ಜಿಲಾನಿ ನಿದ್ದಿ ಅಂದರು. ಆ ನಿದ್ದೆಯಲ್ಲಿ ಕೊಯ್ದರೆ ನೋವು ತಿಳಿಯುತ್ತಿರಲಿಲ್ಲ. ಮಾಟ ಅನ್ನುವವರೂ ಇದ್ದರು. ಬಿಸ್ಮಿಲ್ಲಾ ಅನ್ನದೆ ಅವನು ಚಾಕು ಮುಟ್ಟಿದವನಲ್ಲ. ಅದು ನನಗೆ ಗೊತ್ತು.

ಗಾದೆಪ್ಪನ ಹೆಂಡತಿ ಸುಂಕಮ್ಮ. ಅವಳ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೂತು, ಕಾಲು ಮೊಣಕಾಲಿನವರೆಗೆ ಬಾತು, ಕೀವು ತುಂಬಿತ್ತು. ಮುಟ್ಟಿದರೆ ಚೀರುತ್ತಿದ್ದಳು. ಮಡಿಲಲ್ಲಿ ಮೊಲೆಗೂಸು. ಕೊಯ್ಯದಿದ್ದರೆ ಅವಳು ಉಳಿಯುತ್ತಿರಲಿಲ್ಲ, ಅವಳಿಲ್ಲದಿದ್ದರೆ ಕೂಸೂ ಉಳಿಯುತ್ತಿರಲಿಲ್ಲ. ಜಿಲಾನಿಗೆ ಹೇಳಿಕಳಿಸಿದರು.

ಅವನು ಹೋಗಿ, ದಾರಕ್ಕೆ ಕಟ್ಟಿದ ಹಿತ್ತಾಳೆ ಗುಂಡಿಯನ್ನು ಅವಳ ಹುಬ್ಬಿಗಿಂತ ತುಸು ಮೇಲೆ ಹಿಡಿದು ಕೂತ. ಅವಳು ಕಿಸಕ್ಕನೆ ನಕ್ಕಳು.

“ಯಾಕ ನಗತಿ ತಂಗಿ?”

“ಮಾತಾಡಿದ್ರ ನಿಮ್ಮ ಗಡ್ಡ ಅಲಗಾಡತೈತ್ರಿ ಅಣ್ಣಾ.”

“ನಗು, ತಡೀಬ್ಯಾಡ. ನಕ್ಕ ಮ್ಯಾಲ ಮೈ ಹಗುರಾಗತೈತಿ.”

ನಗಬೇಡ ಅಂದರೆ ನಗುವೂ ನಿಲ್ಲುವುದಿಲ್ಲ, ನಿದ್ದೆಯೂ ಬರುವುದಿಲ್ಲ ಅಂತ ಅವನು ನನಗೆ ಎಷ್ಟೋ ಸಲ ಹೇಳಿದ್ದ. ನಗು ಮುಗಿಯಿತು. ಸುಂಕಮ್ಮ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ಅವನು ಅವಳ ಕೈ ಎತ್ತಿ ಬಿಟ್ಟ. ಕೈ ಮೆಲ್ಲಗೆ ಇಳಿದು ಮಡಿಲಲ್ಲಿ ಕೂತಿತು.

“ಇದು ಕಳ್ಳನಿದ್ದಿ. ಖರೇ ನಿದ್ದ್ಯಾಗ ಕೈ ತೊಯ್ದ ಬಟ್ಟಿ ಬಿದ್ದಂಗ ಬೀಳತೈತಿ. ನನ್ನ ಖುಷಿಗೆ ಮಲಗಬ್ಯಾಡವ್ವ.”

ಮತ್ತೆ ಮೊದಲಿನಿಂದ. ಈ ಸಲ ಉಸಿರು ನಿಧಾನವಾಯಿತು. ರೆಪ್ಪೆ ಭಾರವಾಯಿತು. ಇನ್ನೇನು... ಅಷ್ಟರಲ್ಲಿ ಅವಳ ಅತ್ತೆ ಕೊಟ್ರಬಸಮ್ಮ ಬಾಗಿಲಲ್ಲಿ ತಲೆ ಹಾಕಿದಳು.

“ಸಾಬರ, ಮಲಗಿದಳೇನ್ರಿ?”

ಸುಂಕಮ್ಮ ಕಣ್ಣು ಬಿಟ್ಟಳು.

“ಮಲಗಿದ್ದಳ್ರಿ. ನೀವು ಕೇಳಿದ್ರಿ, ಎದ್ದಳು.”

“ನಾ ಪಿಸುಗುಟ್ಟೀನಿ.”

“ಪಿಸುಮಾತ ಹೆಚ್ಚು ಕೇಳೂದ್ರಿ ಯವ್ವಾ.”

ಆಮೇಲೆ ಯಾರೋ ಕೆಮ್ಮಿದರು. ಎದ್ದಳು. ಅಡುಗೆಮನೆಯಲ್ಲಿ ತಟ್ಟೆ ಠಣ್ ಅಂತು. ಎದ್ದಳು. ಕೂಸು ಕುಂಯ್ ಅಂದರಂತೂ ಕೇಳುವುದೇ ಬೇಡ. ಹೊತ್ತು ಇಳಿಯುತ್ತಿತ್ತು, ಬೆಳಕು ಹೋದರೆ ಕೊಯ್ಯಲು ಬರುವುದಿಲ್ಲ. ಮನೆಯವರ ಒಂದು ದನಿಗಾದರೂ ದಾರಿ ಬಿಟ್ಟಿರಬೇಕು, ಎಬ್ಬಿಸುವ ಹಕ್ಕು ನಿನ್ನೊಬ್ಬನ ಹತ್ತಿರ ಇಟ್ಟುಕೊಳ್ಳಬೇಡ ಅಂತ ಕಂಪೌಂಡರ್ ಹೇಳಿದ್ದನಂತೆ. ಜಿಲಾನಿ ಅವತ್ತು ಅದನ್ನು ಮೀರಿದ. ಅವಳ ಕಿವಿಯ ಹತ್ತಿರ ಬಾಗಿದ.

“ಇನ್ನ ಯಾರ ದನಿನೂ ನಿನಗ ಕೇಳಂಗಿಲ್ಲ... ನನ್ನ ದನಿ ಒಂದ ಕೇಳತೈತಿ. ನಾ ಕರದಾಗ ಏಳು.”

ಕೈ ಎತ್ತಿ ಬಿಟ್ಟ. ತಪ್ ಅಂತ ಬಿತ್ತು.

ಕೊಯ್ದ. ಕೀವು ಹರಿಯಿತು, ಮುಳ್ಳು ಬಂತು. ಪಟ್ಟಿ ಕಟ್ಟಿದ. ಅವಳು ಅಲುಗಲಿಲ್ಲ. ಅವನ ಕೈ ಮೊಣಕೈವರೆಗೆ ರಕ್ತ, ಕೀವು.

“ಕೈ ತೊಳಕೊಂಡು ಎಬ್ಬಿಸ್ತೀನ್ರಿ. ಒಂದು ತಂಬಿಗಿ ನೀರು ಹಾಕ್ರಿ.”

ಕೊಟ್ರಬಸಮ್ಮ ತಂಬಿಗೆಯನ್ನು ಹಿಂದಕ್ಕೆ ಹಿಡಿದಳು. “ನಮ್ಮ ಬಚ್ಚಲದಾಗ ಬ್ಯಾಡ್ರಿ ಸಾಬರ, ಬ್ಯಾರೆ ತಿಳಕೋಬ್ಯಾಡ್ರಿ. ಊರ ಬಾವಿಗಿ ಹೋದ್ರ ಮಂದಿ ಅಂತಾರ. ಆಲದ ಮರದ ಕಡಿ ಹಾಳುಬಾವಿ ಐತಲ್ರಿ...”

ಸೊಸೆಯ ಕಾಲು ಮುಟ್ಟಬಹುದು, ತಂಬಿಗೆಯ ನೀರು ಬೀಳಬಾರದು. ಹೋಗಲಿ. ಜಿಲಾನಿ “ಆತ್ರಿ” ಅಂದು ಹೋದ.

ತಿರುಗಿ ಬರಲಿಲ್ಲ.

ಓಡಿಹೋದ ಅಂದರು. ಬಾವಿಯ ದಾರಿ ತೋರಿಸಿದವರೇ ಅಂದರು. ಹೋಗಿ ಇಣುಕಿ ನೋಡಲು ಒಬ್ಬರಿಗೂ ತೋಚಲಿಲ್ಲ. ಸುಂಕಮ್ಮನನ್ನು ಕೂಗಿದರು, ಅಲುಗಾಡಿಸಿದರು, ಕಿವಿಯ ಹತ್ತಿರ ತಟ್ಟೆ ಬಡಿದರು. ಉಸಿರಿದೆ, ಎಚ್ಚರವಿಲ್ಲ. ಬಾಯಿಗೆ ನೀರು ಬಿಟ್ಟರೆ ಕಟಬಾಯಿಯಿಂದ ಇಳಿದುಹೋಗುತ್ತಿತ್ತು. ಎರಡನೆಯ ದಿನಕ್ಕೆ ಅವಳ ಎದೆಹಾಲು ಬತ್ತತೊಡಗಿತು. ಕೂಸು ಅತ್ತೂ ಅತ್ತೂ ದನಿ ಕಳೆದುಕೊಂಡಿತು.

ಆ ದಿನವೇ ಗಾದೆಪ್ಪ ನಮ್ಮ ಮನೆಗೆ ಬಂದದ್ದು.

“ನನ್ನ ಹೆಂಡತೀನ ಹಂಗ ಬಿಟ್ಟು ಓಡಿ ಬಂದಾನ. ಎಲ್ಲಿ ಅಡಗಿಸೀರಿ ಅವನ್ನ?”

“ಇಲ್ಲಿಗೆ ಬಂದೇ ಇಲ್ಲಪ್ಪ,” ಅಂದಳು ನನ್ನ ತಾಯಿ ದಾವಲಬೀ. “ಬಿಸಿಲಾಗ ಬಂದೀಯ, ಮೊದಲು ನೀರು ಕುಡಿ.”

ಅವನು ಕುಡಿಯಲಿಲ್ಲ. ಒಣಗಿದ ಬಾಯಿಯಲ್ಲೇ ಎದ್ದು ಹೋದ. ಆ ವಾಪಸು ದಾರಿಯಲ್ಲೇ ಬಾವಿಯ ಹತ್ತಿರ ದನಿ ಬಂದದ್ದು.

“ಸುಂಕವ್ವಾ... ಏಳು ತಂಗಿ.”

ಕೂಗಿದ್ದಲ್ಲ. ಕಿವಿಯ ಹತ್ತಿರ ಬಾಗಿ ಹೇಳಿದಂಥ ದನಿ. ಒಂದೇ ಸಲ. ಅಷ್ಟು ಆಳದ ಬಾವಿ, ಆದರೆ ಮಾರ್ದನಿ ಬರಲಿಲ್ಲ.

ಗಾದೆಪ್ಪ ಮೆಟ್ಟು ಅಲ್ಲೇ ಬಿಟ್ಟು ಓಡಿದ. ಮನೆಯೊಳಗೆ ಚಪ್... ಚಪ್... ಅನ್ನುವ ಸದ್ದು. ಸುಂಕಮ್ಮ ಎದ್ದು ಕೂತಿದ್ದಳು. ಕೂಸು ಎದೆ ಚೀಪುತ್ತಿತ್ತು. ಕೊಟ್ರಬಸಮ್ಮ ಗೋಡೆ ಹಿಡಿದು ನಿಂತಿದ್ದಳು.

“ಯಾರು ಎಬ್ಬಿಸಿದ್ರು?” ಅವನು ಪಿಸುಗುಟ್ಟಿದ.

“ಅಣ್ಣಾರು ಕರದ್ರಲ್ಲ. ಬಾಗಲಾಗ ನಿಂತಾರ ನೋಡ್ರಿ. ಮೈಯೆಲ್ಲ ತೊಯ್ದೈತಿ... ಒಳಗ ಕರೀರಿ.”

ಬಾಗಿಲಲ್ಲಿ ಯಾರೂ ಇರಲಿಲ್ಲ.

ಬೆಳಗ್ಗೆ ಜಿಲಾನಿಯನ್ನು ಬಾವಿಯಿಂದ ತೆಗೆದರು. ಸುದ್ದಿ ತಿಳಿದು ನಾನು ಬಂಡಿ ಕಟ್ಟಿಕೊಂಡು ಹೋದೆ. ಪಾಚಿಯ ಮೇಲೆ ಕಾಲು ಜಾರಿ ತಲೆ ಕಲ್ಲಿಗೆ ಬಡಿದಿತ್ತು. ಮೊದಲ ಸಂಜೆಯೇ ಜೀವ ಹೋಗಿದೆ ಅಂತ ಎತ್ತಿದವರು ಹೇಳಿದರು. ಹೆಣ ನೋಡಿದರೆ ನನಗೂ ಹಾಗೇ ಕಂಡಿತು. ಕೈಗಳು ಮಾತ್ರ ಶುದ್ಧವಾಗಿ ತೊಳೆದಿದ್ದವು. ಮಣ್ಣು ಹಾಕಲು ಕುರುಗೋಡಿನಿಂದ ಯಾರೂ ಬರಲಿಲ್ಲ. ಸತ್ತವನ ದನಿ ಹೊಕ್ಕ ಮನೆ ಅಂತ ಆ ಮನೆಗೆ ಗೋಮೂತ್ರ ಚಿಮುಕಿಸಿದರು ಅಂತ ಕೇಳಿದೆ. ಈ ಸಿಟ್ಟು ನನ್ನೆದೆಯಿಂದ ತೆಗೆದುಬಿಡು ಅಂತ ಐದು ಹೊತ್ತೂ ಅಲ್ಲಾಹನಲ್ಲಿ ಬೇಡಿದ್ದೇನೆ. ಪೂರ್ತಿ ಹೋಗಿಲ್ಲ.

ಸತ್ತವರು ತಿರುಗಿ ಬರುವುದಿಲ್ಲ ಅನ್ನುವುದು ನನ್ನ ಈಮಾನು. ಹಾಗಾದರೆ ಆ ದನಿ ಯಾರದು ಅಂತ ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಕೊಟ್ಟ ಮಾತು ನಡೆಸಿಕೊಡುವವನು ಮೇಲಿದ್ದಾನೆ, ಅಷ್ಟೇ ಗೊತ್ತು.

ಕೆಲವು ವರ್ಷದ ಮೇಲೆ ಸಿರುಗುಪ್ಪದಿಂದ ಬರುವಾಗ ಕುರುಗೋಡಿನಲ್ಲಿ ನನ್ನ ಬಂಡಿಯ ಅಚ್ಚು ಮುರಿಯಿತು. ಗಾದೆಪ್ಪ ತನ್ನ ಜಗಲಿಯ ಮೇಲೆ ಮಲಗಲು ಹೇಳಿದ. ಅವತ್ತಿನಿಂದ ಯಾರು ಕರೆದರೂ ಸುಂಕಮ್ಮನಿಗೆ ಎಚ್ಚರವಾಗುವುದಿಲ್ಲ ಅಂದ. ಆಗ ಕೂಸು ಅತ್ತರೂ ಏಳುತ್ತಿರಲಿಲ್ಲವಂತೆ. ದಿನಾ ನಸುಕಿನಲ್ಲಿ ತಾನೇ ಏಳುತ್ತಾಳಂತೆ.

ಮರುದಿನ ನಸುಕಿನಲ್ಲಿ ನಾನು ಫಜರಿನ ನಮಾಜಿಗೆ ಎದ್ದು ಕೂತಿದ್ದೆ. ಓಣಿ ನಿಶ್ಶಬ್ದ. ಕೋಳಿ ಕೂಡ ಕೂಗಿರಲಿಲ್ಲ. ಯಾರೂ ಯಾರನ್ನೂ ಕರೆಯಲಿಲ್ಲ. ಅಲ್ಲಾಹ್ ಸಾಕ್ಷಿ, ನಾನು ಪೂರ್ತಿ ಎಚ್ಚರವಿದ್ದೆ. ಒಳಗಿನಿಂದ ಅವಳ ದನಿ ಬಂತು.

“ಎದ್ದೆ ಅಣ್ಣಾ.”

ಆಮೇಲೆ ಅಂಗಳದಲ್ಲಿ ಕಸಬರಿಗೆಯ ಸದ್ದು... ಸರ್... ಸರ್...